ಕುಮಾರಪರ್ವತದ ಹಾದಿ: ಮಲೆಯ ನಡಿಗೆ, ಅದರ ಹೊರೆ ಮತ್ತು ಅದರ ಮಿತಿ

೧

ಚೆನ್ನೈ ಪಟ್ಟಣದ ದಕ್ಷಿಣ ಭಾಗದಲ್ಲಿ ಕಡಲಿಗೆ ತಾಗಿಕೊಂಡಿರುವ ಬೆಸೆಂಟ್ ನಗರದಲ್ಲಿ ಮುರುಗನ ಆರುಪಡೈವೀಡು ದೇವಾಲಯವಿದೆ. ತಮಿಳುನಾಡಿನ ಆರು ಪ್ರಸಿದ್ಧ ಸ್ಕಂದಕ್ಷೇತ್ರಗಳ ಸನ್ನಿಧಿಗಳನ್ನು ಒಂದೇ ಆವರಣದೊಳಗೆ ಕಲ್ಪಿಸಿರುವ ದೇವಾಲಯವಿದು. ಮೂಲ ಕ್ಷೇತ್ರಗಳಲ್ಲಿ ತಿರುಚ್ಚೆಂದೂರು ಕಡಲ ತಡಿಯದು. ಪಳನಿ, ತಿರುತ್ತಣಿ, ಪಳಮುದಿರ್‌ಚೋಲೈ ಮುಂತಾದುವು ಬೆಟ್ಟಗಳೊಡನೆ ಬೆಸೆದುಕೊಂಡವು. ಇಲ್ಲಿಯಾದರೋ ಭಕ್ತನು ಮರಳಿನ ಮಟ್ಟವನ್ನು ಬಿಟ್ಟು ಮೇಲೇರಬೇಕಾದುದಿಲ್ಲ. ಅರ್ಧ ಗಂಟೆಯೊಳಗೆ ಆರೂ ಸನ್ನಿಧಿಗಳ ದರ್ಶನವನ್ನು ಮುಗಿಸಿ ಸಮುದ್ರದ ಗಾಳಿಗೆ ಕುಳಿತುಕೊಳ್ಳಬಹುದು. ಬಯಲು ನಾಡಿನಲ್ಲಿ ನೆಲಸಿದ ಜನ ಬೆಟ್ಟದ ದೇವರನ್ನು ತಮ್ಮ ಬಳಿಗೆ ಬರಮಾಡಿಕೊಂಡ ಬಗೆ ಇದು.

ಈ ನಗರದ ಕನ್ನಡ ಕುಟುಂಬಗಳಲ್ಲಿ ಕುಕ್ಕೆಯ ಸುಬ್ರಹ್ಮಣ್ಯನಿಗೆ ನಡೆದುಕೊಳ್ಳುವವರೂ ಉಂಟು. ದೇವರ ಚಿತ್ರಪಟವನ್ನೂ ಪ್ರಸಾದವನ್ನೂ ಅವರು ಇಲ್ಲಿಗೆ ತಂದುಕೊಂಡಿದ್ದಾರೆ. ಆದರೆ ಕುಕ್ಕೆಯ ಬೆನ್ನಿಗೆ ಗೋಡೆಯಂತೆ ನಿಂತಿರುವ ಕುಮಾರಪರ್ವತವನ್ನು ತರುವುದು ಶಕ್ಯವಲ್ಲ. ಅದನ್ನು ಕಾಣಬೇಕಾದರೆ ಅಲ್ಲಿಗೇ ಹೋಗಬೇಕು, ಕಾಲಿನಿಂದಲೇ ಏರಬೇಕು. ಹಿರಿಯರು ಬೆಟ್ಟದ ಬುಡದಲ್ಲಿಯೇ ಕೈಮುಗಿದು ಹಿಂದಿರುಗುತ್ತಿದ್ದರೆ, ಅದೇ ಮನೆಗಳ ತರುಣ ತರುಣಿಯರು ಇಂದು ಬೆನ್ನಿಗೆ ಚೀಲವನ್ನು ಬಿಗಿದುಕೊಂಡು ಶಿಖರದತ್ತ ಹೊರಡುತ್ತಿದ್ದಾರೆ. ಇದಕ್ಕೆ ಚಾರಣವೆಂದು ಹೆಸರು. ಈ ಚಾರಣವೆಂದರೇನು, ಹಿಂದಿನ ಕಾಲದ ಬೆಟ್ಟದ ನಡಿಗೆಗೂ ಇದಕ್ಕೂ ಸಂಬಂಧವೇನು, ಇದರ ಅಪಾಯಗಳು ಯಾವ ಸ್ವರೂಪದವು ಎಂಬುದನ್ನು ಕುಮಾರಪರ್ವತವನ್ನೇ ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಪದದ ವಿಚಾರ. ‘ಚರ್’ ಎಂಬ ಸಂಸ್ಕೃತ ಧಾತುವಿಗೆ ನಡೆ, ಸಂಚರಿಸು ಎಂಬ ಅರ್ಥವಿರುವುದಷ್ಟೆ. ಹಳೆಯ ಸಾಹಿತ್ಯದಲ್ಲಿ ಚಾರಣರೆಂದರೆ ಸಿದ್ಧ ಗಂಧರ್ವರೊಡನೆ ಹೇಳಲಾಗುವ ಒಂದು ದೇವಗಣ. ಜೈನ ಪುರಾಣಗಳಲ್ಲಿ ಚಾರಣ ಋಷಿಗಳು ತಪೋಬಲದಿಂದ ಆಕಾಶಗಮನದ ಸಿದ್ಧಿಯನ್ನು ಪಡೆದವರು. ನೆಲವನ್ನು ಮುಟ್ಟದೆ ಸಂಚರಿಸಿ ಧರ್ಮೋಪದೇಶ ಮಾಡತಕ್ಕವರು. ಹೀಗೆ ನೆಲಕ್ಕೆ ಕಾಲೂರದವರಿಗೆ ಸಲ್ಲುತ್ತಿದ್ದ ಮಾತು, ಪ್ರತಿಯೊಂದು ಹೆಜ್ಜೆಯನ್ನೂ ನೆಲದ ಮೇಲೆ ಊರಿ ನೋಯುವವರ ನಡಿಗೆಗೆ ಹೆಸರಾಗಿರುವುದು ಭಾಷೆಯ ಒಂದು ವಿನೋದ. ಇಂಗ್ಲಿಷಿನ ‘ಟ್ರೆಕ್’ ಎಂಬ ಮಾತಾದರೋ ದಕ್ಷಿಣ ಆಫ್ರಿಕದ ಡಚ್ ವಲಸೆಗಾರರಿಂದ ಬಂದುದು. ಎಳೆಯುವುದೆಂಬುದು ಅದರ ಮೂಲಾರ್ಥ. ಎತ್ತಿನ ಬಂಡಿಗಳಲ್ಲಿ ಸಾಮಾನನ್ನು ತುಂಬಿಕೊಂಡು ಸಂಸಾರ ಸಮೇತ ಊರು ಬಿಟ್ಟು ಹೋಗುವ ಕಷ್ಟದ ಪ್ರಯಾಣವನ್ನು ಅದು ಸೂಚಿಸುತ್ತಿತ್ತು. ಅಂದಮೇಲೆ ಹೊರೆ ಮತ್ತು ಶ್ರಮ ಆ ಪದದ ಹುಟ್ಟಿನಲ್ಲಿಯೇ ಇವೆ.

ಚಾರಣವನ್ನು ಪರ್ವತಾರೋಹಣದಿಂದ ಬೇರೆಯಾಗಿ ತಿಳಿಯುವುದು ಅವಶ್ಯಕ. ೧೯೫೩ನೆಯ ಮೇ ೨೯ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಶಿಖರವನ್ನು ಮುಟ್ಟಿದ ಬಳಿಕ ಭಾರತದಲ್ಲಿ ಬೆಟ್ಟವೇರುವುದರ ಬಗೆಗೆ ಒಂದು ಹೊಸ ಉತ್ಸಾಹವೆದ್ದಿತು. ಮರುವರ್ಷವೇ ಡಾರ್ಜೀಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾಯಿತು. ಹಗ್ಗ, ಹಿಮಗೊಡಲಿ, ಪ್ರಾಣವಾಯುವಿನ ಕೊಳವೆಗಳಿಂದ ಸಾಧಿಸತಕ್ಕ ವಿದ್ಯೆ ಅದು. ಅದಕ್ಕೆ ಗುರುಮುಖವಾದ ಶಿಕ್ಷಣ ಬೇಕು. ಚಾರಣಕ್ಕೆ ಇಂಥ ಸಲಕರಣೆಗಳು ಬೇಡ. ದಾರಿ ಇರುವ ಬೆಟ್ಟದಲ್ಲಿ ಒಂದೆರಡು ದಿನಗಳಿಗೆ ಬೇಕಾದುದನ್ನು ಹೊತ್ತುಕೊಂಡು ನಡೆಯುವುದೇ ಚಾರಣ. ಆದುದರಿಂದಲೇ ಅದು ಎಲ್ಲರಿಗೂ ಸುಲಭವೆಂಬ ಭಾವನೆ ಹರಡಿದೆ; ಆದುದರಿಂದಲೇ ಶಿಕ್ಷಣವಿಲ್ಲದವರು ಹೆಚ್ಚು ಸಂಖ್ಯೆಯಲ್ಲಿ ಅದಕ್ಕೆ ತೊಡಗುತ್ತಾರೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹಳೆಯದಾದರೂ ಅದರ ಅರ್ಥ ಬೆಟ್ಟವನ್ನು ಹತ್ತುವಾಗಲೇ ತಿಳಿಯತಕ್ಕದ್ದು.

೩

ಕನ್ನಡ ನಾಡಿನಲ್ಲಿ ಬೆಟ್ಟದ ನಡಿಗೆ ಹೊಸದೇನೂ ಅಲ್ಲ. ಕರಾವಳಿಗೂ ಮೇಲುಸೀಮೆಗೂ ನಡುವೆ ಉದ್ದಕ್ಕೂ ನಿಂತಿರುವ ಸಹ್ಯಾದ್ರಿಯನ್ನು ದಾಟದೆ ಈ ನಾಡಿನ ಬದುಕು ಸಾಗುತ್ತಿರಲಿಲ್ಲ. ಕಡಲ ತಡಿಯ ಉಪ್ಪು ಮೇಲಕ್ಕೆ ಹೋಗಬೇಕು, ಮೇಲಿನ ಅಕ್ಕಿ ಅಡಕೆ ಮೆಣಸುಗಳು ರೇವಿಗೆ ಇಳಿಯಬೇಕು. ಆಗುಂಬೆ, ಚಾರ್ಮಾಡಿ, ಶಿರಾಡಿ, ಬಿಸಿಲೆ ಮುಂತಾದ ಘಟ್ಟಗಳ ಹೆಸರುಗಳು ಇಂದು ಮೋಟಾರು ರಸ್ತೆಗಳನ್ನು ಸೂಚಿಸುತ್ತವೆ. ಹಿಂದೆ ಘಟ್ಟದ ಹಾದಿಗಳಲ್ಲಿ ಹೇರಿನೆತ್ತುಗಳೂ ತಲೆಹೊರೆಯ ಆಳುಗಳೂ ನಡೆಯುತ್ತಿದ್ದರು. ತಲೆಗೂ ಹೊರೆಗೂ ನಡುವೆ ಇಟ್ಟುಕೊಳ್ಳುವ ಸಿಂಬಿ, ಹೆಗಲ ಮೇಲಿನ ಕಾವಡಿ, ಮಳೆಗೂ ಚಳಿಗೂ ಒದಗುವ ಕಂಬಳಿ, ಸೊಂಟಕ್ಕೆ ಕಟ್ಟಿದ ಬುತ್ತಿ: ಇವೇ ಆ ಕಾಲದ ಚಾರಣದ ಸಾಮಗ್ರಿ.

ಹೊರೆಯನ್ನು ಕುರಿತು ಹಿಂದಿನವರಿಗಿದ್ದ ವಿವೇಕಕ್ಕೆ ಒಂದು ಸಾಕ್ಷಿ ತಮಿಳು ನಾಡಿನ ಹಳೆಯ ಹಾದಿಗಳ ಬದಿಯಲ್ಲಿ ಈಗಲೂ ಅಲ್ಲಲ್ಲಿ ಉಳಿದಿದೆ. ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲನ್ನು ಹಾಸಿದ ಇದಕ್ಕೆ ‘ಸುಮೈತಾಂಗಿ’ ಎಂದು ಹೆಸರು. ಕೇರಳದಲ್ಲಿ ಇದನ್ನು ‘ಅತ್ತಾಣಿ’ ಎನ್ನುತ್ತಾರೆ. ಒಬ್ಬನೇ ನಡೆಯುವವನು ತಲೆಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ಎತ್ತಿಕೊಡುವವರಿಲ್ಲ. ಹೊರೆಯನ್ನು ಬಗ್ಗದೆ ಕಲ್ಲಿಗೆ ದಾಟಿಸಿ, ದಣಿವಾರಿಸಿಕೊಂಡು, ಬಗ್ಗದೆಯೇ ಮತ್ತೆ ತಲೆಗೇರಿಸಿಕೊಳ್ಳುವಂತೆ ಅದರ ಎತ್ತರವನ್ನು ಇಟ್ಟಿರುತ್ತಾರೆ. ಬಸುರಿನಲ್ಲಿ ತೀರಿಹೋದ ಹೆಣ್ಣುಮಕ್ಕಳ ನೆನಪಿಗಾಗಿ ಇಂಥ ಕಲ್ಲುಗಳನ್ನು ನಿಲ್ಲಿಸುವ ಪದ್ಧತಿಯೂ ಇದ್ದಿತು. ಇಳಿಸಲಾಗದ ಹೊರೆಯೊಡನೆ ಸತ್ತವಳ ಹೆಸರಿನಲ್ಲಿ ಹಾದಿಹೋಕರ ಹೊರೆಯನ್ನು ಇಳಿಸಿಕೊಳ್ಳುವ ಭಾವನೆ ಅದು. ಕನ್ನಡ ಶಾಸನಗಳಲ್ಲಿ ಕಾಣುವ ಅರವಟ್ಟಿಗೆಯ ದತ್ತಿಗಳೂ ಹಾದಿಹೋಕರ ಇನ್ನೊಂದು ಅಗತ್ಯವನ್ನು, ಎಂದರೆ ನೀರನ್ನು, ಊರಿನ ಹೊಣೆಯೆಂದು ಭಾವಿಸಿದ್ದಕ್ಕೆ ಕುರುಹು.

ವ್ಯಾಪಾರದ ಬಳಿಕ ಯಾತ್ರೆ. ಬೆಟ್ಟವನ್ನು ಹೊರೆಯಾಗಿ ಹೊತ್ತವನ ಕಥೆಯೇ ಪಳನಿಯ ಸ್ಥಳಪುರಾಣದಲ್ಲಿದೆ. ಅಗಸ್ತ್ಯನ ಆಣತಿಯಂತೆ ಇಡುಂಬನು ಶಿವಗಿರಿ ಶಕ್ತಿಗಿರಿಗಳೆಂಬ ಎರಡು ಗುಡ್ಡಗಳನ್ನು ಕಾವಡಿಗೆ ಕಟ್ಟಿ ತೆಂಕಣಕ್ಕೆ ಹೊತ್ತು ತಂದನು. ದಣಿದು ಪಳನಿಯಲ್ಲಿ ಇಳಿಸಿದನು. ಮತ್ತೆ ಎತ್ತಲು ಅವನಿಂದಾಗಲಿಲ್ಲ. ಕಾವಡಿ ಸೇವೆಗೆ ಮೂಲವಾದ ಕಥೆಯಿದು. ಕಾವಡಿ ಹೊರುವವನಿಗೆ ಉಪವಾಸ, ಬ್ರಹ್ಮಚರ್ಯ, ಬರಿಗಾಲ ನಡಿಗೆ ಎಂದು ಹಲವು ಕಟ್ಟುಪಾಡುಗಳಿವೆ. ಅವನು ಮನಬಂದಾಗ ಹೊರಡುವಂತಿಲ್ಲ, ಮನಬಂದಂತೆ ನಡೆಯುವಂತಿಲ್ಲ.

ಮೂರನೆಯವರು ಅಳೆಯುವವರು. ಬೆಸೆಂಟ್ ನಗರದಿಂದ ಪಶ್ಚಿಮಕ್ಕೆ ಕೆಲವೇ ಮೈಲಿಗಳಾಚೆ ಇರುವ ಪರಂಗಿಮಲೆಯ, ಎಂದರೆ ಸೇಂಟ್ ಥಾಮಸ್ ಮೌಂಟಿನ, ಬಳಿಯಲ್ಲಿ ೧೮೦೨ನೆಯ ಏಪ್ರಿಲ್ ೧೦ರಂದು ವಿಲಿಯಂ ಲ್ಯಾಂಬ್ಟನ್ ಆಧಾರರೇಖೆಯನ್ನು ಅಳೆಯಲು ತೊಡಗಿದನು. ಮುಂದೆ ಎಪ್ಪತ್ತು ವರ್ಷಗಳ ಪರ್ಯಂತ ನಡೆದು ಹಿಮಾಲಯವನ್ನು ಮುಟ್ಟಿದ ಮಹಾ ತ್ರಿಕೋನಮಾಪನ ಕಾರ್ಯ ಆರಂಭವಾದುದು ಹೀಗೆ. ಲ್ಯಾಂಬ್ಟನ್ನನ ತ್ರಿಕೋನಗಳು ಬೆಂಗಳೂರಿನ ಮಾರ್ಗವಾಗಿ ಪಶ್ಚಿಮ ಘಟ್ಟಗಳನ್ನೇರಿ, ಕೊಡಗಿನ ತಡಿಯಂಡಮೋಳು ಶಿಖರವನ್ನು ಬಳಸಿಕೊಂಡು ಅರಬ್ಬೀ ಸಮುದ್ರವನ್ನು ಸೇರಿದುವು. ದಕ್ಷಿಣ ಭಾರತದ ಅಗಲ ಈ ಅಕ್ಷಾಂಶದಲ್ಲಿ ಸುಮಾರು ೩೬೦ ಮೈಲಿಯೆಂಬುದು ಹೀಗೆ ನಿರ್ಧಾರವಾಯಿತು. ಅರ್ಧ ಟನ್ನು ತೂಗುವ ಥಿಯೊಡೊಲೈಟ್ ಯಂತ್ರ ಈ ಮಾಪನದ ಮುಖ್ಯ ಉಪಕರಣ. ಅದನ್ನು ಬೆಟ್ಟಗಳ ತುದಿಗೆ ಹೊತ್ತವರ ಹೆಸರುಗಳು ಗ್ರಂಥಗಳಲ್ಲಿ ಉಳಿದುಬರಲಿಲ್ಲ.

ವ್ಯಾಪಾರಿ, ಯಾತ್ರಿಕ, ಮಾಪಕ ಈ ಮೂವರಲ್ಲಿ ಒಂದು ಸಾಮ್ಯವಿದೆ. ಮೂವರಿಗೂ ಬೆಟ್ಟದಲ್ಲಿ ಒಂದು ಕೆಲಸವಿದ್ದಿತು. ಆ ಕೆಲಸವೇ ಅವರಿಗೆ ಕಟ್ಟುಪಾಡನ್ನು ವಿಧಿಸುತ್ತಿದ್ದಿತು. ವ್ಯಾಪಾರಿ ಮಳೆಗಾಲದಲ್ಲಿ ಸರಕನ್ನು ತೋಯಿಸಿಕೊಳ್ಳಲೊಲ್ಲ, ಯಾತ್ರಿಕನಿಗೆ ವ್ರತವಿದೆ, ಮಾಪಕನಿಗೆ ಯಜಮಾನನ ಆಜ್ಞೆಯಿದೆ. ಇಂದಿನ ಚಾರಣಿಗನಿಗೆ ಮಾತ್ರ ಬೆಟ್ಟದಲ್ಲಿ ಯಾವ ಕೆಲಸವೂ ಇಲ್ಲ. ಸಂತೋಷವೇ ಅವನ ಪ್ರಯೋಜನ. ಇದು ದೋಷವಲ್ಲ. ಆದರೆ ಕೆಲಸವಿಲ್ಲದವನಿಗೆ ನಿಯಮವನ್ನು ಯಾರೂ ತಾವಾಗಿ ಕೊಡುವುದಿಲ್ಲ. ಅವನೇ ಅದನ್ನು ವಿಚಾರದಿಂದ ಸಂಪಾದಿಸಿಕೊಳ್ಳಬೇಕು. ಮುಂದಿನ ಭಾಗಗಳಲ್ಲಿ ಹೇಳತಕ್ಕದ್ದೆಲ್ಲ ಈ ಒಂದು ಮಾತಿನ ವಿವರಣೆ.

೪

ಕುಮಾರಪರ್ವತದ ಶಿಖರ ಸಮುದ್ರಮಟ್ಟದಿಂದ ೧೭೧೨ ಮೀಟರು ಎತ್ತರದಲ್ಲಿದೆ. ಪುಷ್ಪಗಿರಿಯೆಂಬುದು ಇದರ ಇನ್ನೊಂದು ಹೆಸರು. ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳ ಗಡಿಯಲ್ಲಿರುವ ಇದು ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದೆ. ೨೦೧೨ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟಗಳ ೩೯ ತಾಣಗಳಲ್ಲಿ ಈ ಧಾಮವೂ ಒಂದು. ತಾರಕಾದಿ ರಾಕ್ಷಸರನ್ನು ಕೊಂದ ಕುಮಾರಸ್ವಾಮಿ ಇಲ್ಲಿಗೆ ಬಂದು, ತನ್ನ ಆಯುಧವನ್ನು ಹೊಳೆಯಲ್ಲಿ ತೊಳೆದನೆಂದೂ, ಮಾರ್ಗಶಿರ ಶುದ್ಧ ಷಷ್ಠಿಯಂದು ದೇವಸೇನೆಯನ್ನು ವರಿಸಿದನೆಂದೂ ಸ್ಥಳಪುರಾಣ ಹೇಳುತ್ತದೆ. ಆ ಹೊಳೆಯೇ ಕುಮಾರಧಾರೆ; ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಯನ್ನು ಕೂಡುತ್ತದೆ. ಶಿಖರದ ಮೇಲೆ ದೊರೆಯುವ, ಸಹಜವಾಗಿಯೇ ಕೋನಗಳನ್ನು ಪಡೆದ ಕಲ್ಲುಗಳನ್ನು ಕುಮಾರಲಿಂಗಗಳೆಂದು ಭಕ್ತರು ಭಾವಿಸುತ್ತಾರೆ.

ಶಿಖರಕ್ಕೆ ಎರಡು ಹಾದಿಗಳು ಪ್ರಸಿದ್ಧವಾಗಿವೆ. ಒಂದು ಸೋಮವಾರಪೇಟೆಯ ಕಡೆಯಿಂದ ಬರತಕ್ಕದ್ದು. ಅದು ಎತ್ತರದ ನೆಲದಿಂದಲೇ ಹೊರಡುವುದರಿಂದ ಗಿಡ್ಡದು. ಇನ್ನೊಂದು ಕುಕ್ಕೆಯಿಂದ ಏರತಕ್ಕದ್ದು. ಇದು ಹದಿಮೂರು ಕಿಲೋಮೀಟರಿನಷ್ಟು ಉದ್ದ. ಕುಕ್ಕೆಯ ಹಾದಿಯಲ್ಲಿ ಮೊದಲು ದಟ್ಟವಾದ ಕಾಡು. ಬೇರುಗಳೇ ಮೆಟ್ಟಿಲಾಗಿರುವ ಏರಿನಲ್ಲಿ ಗಾಳಿಯಾಡುವುದಿಲ್ಲ, ದೂರ ಕಾಣುವುದಿಲ್ಲ. ಈ ಕಾಡು ಕಳೆದೊಡನೆ ಗಿರಿಗದ್ದೆ. ಇಲ್ಲಿಯ ಭಟ್ಟರ ಮನೆಯಲ್ಲಿ ದೊರೆಯುತ್ತಿದ್ದ ಅನ್ನ ಸಾರು ಮಜ್ಜಿಗೆಗಳನ್ನು ನೆನೆಯದ ಚಾರಣಿಗನಿಲ್ಲವೆನ್ನಬಹುದು. ಅಲ್ಲಿಂದ ಮೇಲೆ ಹುಲ್ಲುಗಾವಲಿನ ಬೋಳು ಏಣು, ನೆರಳೆಂಬುದಿಲ್ಲ. ಮುಂದೆ ಕಲ್ಲುಮಂಟಪ, ಬಳಿಕ ಶೇಷಪರ್ವತ. ಶೇಷಪರ್ವತದ ತುದಿಯನ್ನೇ ಗುರಿಯೆಂದು ಭ್ರಮಿಸಿ ಬಂದವನಿಗೆ, ಅಲ್ಲಿಂದ ಒಂದು ಶೋಲಾ ಕಾಡಿಗೆ ಇಳಿದು, ಬಂಡೆಯ ಏರನ್ನು ಹತ್ತಿದ ಬಳಿಕವೇ ಕುಮಾರಪರ್ವತವೆಂಬುದು ಆಗ ತಿಳಿಯುತ್ತದೆ. ಹುಲ್ಲುಗಾವಲಿನ ಮಡಿಲುಗಳಲ್ಲಿ ತೇವವಿರುವೆಡೆ ಬೆಳೆದ ಗಿಡ್ಡ ಮರಗಳ ಕಾಡಿಗೆ ಶೋಲಾ ಎಂದು ಹೆಸರು. ತಮಿಳಿನ ಚೋಲೈ ಎಂಬುದೇ ಇದರ ಮೂಲ. ಹುಲ್ಲೂ ಶೋಲೆಯೂ ಮಳೆಯ ನೀರನ್ನು ಹೀರಿ ಮೆಲ್ಲಮೆಲ್ಲನೆ ಬಿಟ್ಟುಕೊಡುವುದರಿಂದಲೇ ಬೇಸಗೆಯಲ್ಲಿಯೂ ಕೆಳಗಿನ ಹೊಳೆಗಳು ಹರಿಯುತ್ತವೆ.

ಮಳೆಗಾಲದಲ್ಲಿ ಈ ಸೀಮೆಗೆ ಹೋಗುವುದು ವಿಹಿತವಲ್ಲ. ಚೆನ್ನೈಗೆ ವರ್ಷಕ್ಕೆ ಸರಾಸರಿ ೧೪೦೦ ಮಿಲಿಮೀಟರಿನಷ್ಟು ಮಳೆಯಾದರೆ ಸಹ್ಯಾದ್ರಿಯ ಆಗುಂಬೆಗೆ ೭೦೦೦ ಮಿಲಿಮೀಟರಿಗೂ ಹೆಚ್ಚು. ಬಂಡೆಗಳು ಪಾಚಿಗಟ್ಟುತ್ತವೆ, ಹಳ್ಳಗಳು ಗಂಟೆಯೊಳಗೆ ಏರುತ್ತವೆ, ಮಂಜು ಹಾದಿಯನ್ನು ನುಂಗುತ್ತದೆ. ಇಂಬಳಗಳ ಕಾಟವೂ ಆಗಲೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ದ್ರವ್ಯವನ್ನು ಇಂಬಳ ಕಚ್ಚಿದಲ್ಲಿ ಬಿಡುವುದರಿಂದ ಅದು ಉದುರಿದ ಮೇಲೆಯೂ ಗಾಯ ಸೋರುತ್ತಿರುತ್ತದೆ. ಮಲೆನಾಡಿಗರು ಸುಣ್ಣ ಹೊಗೆಸೊಪ್ಪುಗಳನ್ನು ಕಾಲಿಗೆ ಹಚ್ಚಿಕೊಂಡು ನಡೆಯುತ್ತಾರೆ. ನೋಡಿದವರು ಹೆದರುವಷ್ಟು ಅಪಾಯ ಇಂಬಳದಿಂದಿಲ್ಲ. ನಿಜವಾದ ಅಪಾಯ ಒಣ ಕಾಲದಲ್ಲಿದೆ. ಅದನ್ನು ಮುಂದೆ ಹೇಳಲಾಗುವುದು.

೫

ಬೆಟ್ಟದ ನಡಿಗೆಯಲ್ಲಿ ಉತ್ಸಾಹಕ್ಕಿಂತ ಲೆಕ್ಕ ಮುಖ್ಯ. ಇಲ್ಲಿ ಜಮೆಯೆಂದರೆ ಹಗಲಿನ ಬೆಳಕು, ಕಾಲಿನ ಶಕ್ತಿ, ಸೀಸೆಯ ನೀರು. ಖರ್ಚೆಂದರೆ ದೂರ, ಏರಿಕೆ, ಹೊರೆ. ಖರ್ಚು ಜಮೆಯನ್ನು ಮೀರಿದ ದಿನ ಸಾಲ ಕೊಡುವವರು ಬೆಟ್ಟದ ಮೇಲೆ ಇರುವುದಿಲ್ಲ.

ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಪ್ರೇಮಿ ೧೮೯೨ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟನು. ಪ್ರತಿ ಐದು ಕಿಲೋಮೀಟರು ನಡಿಗೆಗೆ ಒಂದು ಗಂಟೆ; ಅದಲ್ಲದೆ ಪ್ರತಿ ೬೦೦ ಮೀಟರು ಏರಿಕೆಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಹದಿಮೂರು ಕಿಲೋಮೀಟರು ದೂರ, ಸುಮಾರು ೧೬೦೦ ಮೀಟರು ಏರಿಕೆ. ದೂರಕ್ಕೆ ಎರಡೂವರೆ ಗಂಟೆಗೆ ಮೇಲೆ, ಏರಿಕೆಗೆ ಮತ್ತೆ ಎರಡೂವರೆ ಗಂಟೆಗೆ ಮೇಲೆ. ಒಟ್ಟು ಐದು ಗಂಟೆ ಕಾಲು. ಇದು ದೃಢಕಾಯನಾದವನು ತಂಪು ಹವೆಯಲ್ಲಿ ನಿಲ್ಲದೆ ನಡೆಯುವ ಲೆಕ್ಕ. ಹೊರೆ, ಸೆಖೆ, ವಿಶ್ರಾಂತಿಗಳನ್ನು ಸೇರಿಸಿದರೆ ಸಾಮಾನ್ಯನಿಗೆ ಏಳು ಗಂಟೆಯಾದರೂ ಬೇಕು. ಕಡಿದಾದ ಇಳಿತವೂ ವೇಗವಾಗಿ ಸಾಗುವುದಿಲ್ಲ. ಏರುವಾಗ ಉಸಿರು ಸೋತರೆ ಇಳಿಯುವಾಗ ಮೊಣಕಾಲು ಸೋಲುತ್ತದೆ. ಅದಕ್ಕೆ ಐದು ಗಂಟೆಯನ್ನಿಟ್ಟರೆ ಒಟ್ಟು ಹನ್ನೆರಡು ಗಂಟೆ. ಡಿಸೆಂಬರಿನಲ್ಲಿ ಆ ಸೀಮೆಯ ಹಗಲು ಹನ್ನೊಂದೂವರೆ ಗಂಟೆ ಮಾತ್ರ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಸಾಮಾನ್ಯ ನಡಿಗೆಯವನು ಕುಕ್ಕೆಯಿಂದ ಹೊರಟು ಒಂದೇ ಹಗಲಿನಲ್ಲಿ ಶಿಖರವನ್ನು ಮುಟ್ಟಿ ಹಿಂದಿರುಗುವುದನ್ನು ಲೆಕ್ಕ ಒಪ್ಪುವುದಿಲ್ಲ. ಅವನು ಅರಣ್ಯ ಇಲಾಖೆಯ ಅಂದಂದಿನ ಅನುಮತಿಯಂತೆ ನಡುವೆ ತಂಗಬೇಕು, ಇಲ್ಲವೆ ಗಿಡ್ಡ ಹಾದಿಯನ್ನು ಹಿಡಿಯಬೇಕು, ಇಲ್ಲವೆ ಶೇಷಪರ್ವತದ ಈಚೆಗೇ ತೃಪ್ತನಾಗಬೇಕು. ಎರಡನೆಯದಾಗಿ, ಹೊರಡುವ ಮೊದಲೇ ಹಿಂದಿರುಗುವ ಹೊತ್ತನ್ನು ಗೊತ್ತುಪಡಿಸಿಕೊಳ್ಳಬೇಕು. ಸಂಜೆ ಐದಕ್ಕೆ ಕೆಳಗಿರಬೇಕಾದರೆ ಮಧ್ಯಾಹ್ನ ಹನ್ನೆರಡಾಗುತ್ತಲೇ, ಶಿಖರ ಕಣ್ಣೆದುರಿಗೇ ಇದ್ದರೂ, ಬೆನ್ನು ತಿರುಗಿಸತಕ್ಕದ್ದು. ಈ ನಿರ್ಣಯವನ್ನು ಬೆಟ್ಟದ ಮೇಲೆ ಮಾಡಲಾಗದು. ದಣಿದ ಮನಸ್ಸು, ಜೊತೆಗಾರರ ಒತ್ತಾಯ, ಇಷ್ಟು ದೂರ ಬಂದೆವಲ್ಲ ಎಂಬ ಲೋಭ ಇವು ಮೂರೂ ಸೇರಿ ಅಲ್ಲಿ ಬುದ್ಧಿಯನ್ನು ಕೆಡಿಸುತ್ತವೆ.

ಹೊರೆಯ ಲೆಕ್ಕವೂ ಇಂಥದೇ. ಹೊತ್ತ ತೂಕ ಶರೀರದ ತೂಕದ ಐದರಲ್ಲೊಂದು ಪಾಲನ್ನು ಮೀರದಿರುವುದು ಲೇಸು. ನಾಲ್ಕರಲ್ಲೊಂದು ಪಾಲು ಪರಮಾವಧಿ. ಅರವತ್ತು ಕಿಲೋಗ್ರಾಮಿನವನಿಗೆ ಇದು ಹನ್ನೆರಡರಿಂದ ಹದಿನೈದು ಕಿಲೋಗ್ರಾಮು. ಬಿಸಿಲಿನಲ್ಲಿ ಏರುವವನಿಗೆ ಗಂಟೆಗೆ ಅರ್ಧ ಲೀಟರು ನೀರು ಬೇಕು. ದಿನಕ್ಕೆ ಐದಾರು ಲೀಟರು. ಎಂದರೆ ಐದಾರು ಕಿಲೋಗ್ರಾಮು. ಹೊರೆಯ ಅರ್ಧದಷ್ಟನ್ನು ನೀರೇ ನುಂಗುತ್ತದೆ. ಹಾದಿಯ ನೀರಿನ ತಾವುಗಳು ಒಣಗಿಲ್ಲವೆಂದು ಸ್ಥಳೀಯರಿಂದ ತಿಳಿದುಕೊಂಡಲ್ಲದೆ ಇದನ್ನು ಕಡಮೆ ಮಾಡಕೂಡದು. ಕಡಮೆ ಮಾಡಬಹುದಾದುದು ಉಳಿದ ಸಾಮಾನು. ಆದರೆ ಚಳಿಯ ಹೊದಿಕೆಯನ್ನು ಬಿಡಬಾರದು. ಪ್ರತಿ ಸಾವಿರ ಮೀಟರು ಏರಿಕೆಗೆ ಸರಾಸರಿ ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ ಶಿಖರವು ಕುಕ್ಕೆಗಿಂತ ಹತ್ತು ಡಿಗ್ರಿ ತಂಪು. ಬೆವರಿನಿಂದ ತೊಯ್ದ ಮೈಗೆ ಶಿಖರದ ಗಾಳಿ ತಾಗಿದರೆ, ಕಡಲ ತೀರದ ಸೆಖೆಗೆ ಪಳಗಿದವರು ನಡುಗುತ್ತಾರೆ.

ಬೆನ್ನುಚೀಲದ ರಚನೆಯ ಗುಟ್ಟು ಅದರ ನಡುಪಟ್ಟಿಯಲ್ಲಿದೆ. ಹೆಗಲಿನ ಸ್ನಾಯುಗಳು ಬೇಗ ಸೋಲುತ್ತವೆ. ಸೊಂಟದ ಎಲುಬು ಹೊರೆಯನ್ನು ನೇರವಾಗಿ ಕಾಲುಗಳಿಗೆ ದಾಟಿಸುತ್ತದೆ. ನಡುಪಟ್ಟಿಯನ್ನು ಬಿಗಿದು ಭಾರವಾದ ವಸ್ತುಗಳನ್ನು ಬೆನ್ನಿಗೆ ಒತ್ತಿಕೊಂಡಿರುವಂತೆ ತುಂಬಿದರೆ ಮುಂದಕ್ಕೆ ಬಾಗುವ ಕಷ್ಟ ತಪ್ಪುತ್ತದೆ. ಎಲುಬಿನ ನೇರಕ್ಕೆ ಹೊರೆಯನ್ನಿಡುವ ಇದೇ ತತ್ತ್ವ ಸಿಂಬಿಯ ತಲೆಹೊರೆಯಲ್ಲಿಯೂ ಇದೆ. ದಣಿದಾಗ ಚೀಲವನ್ನು ಕೆಳಗಿಳಿಸದೆ ಸೊಂಟದೆತ್ತರದ ಬಂಡೆಗೆ ಆನಿಸಿ ನಿಲ್ಲುವುದು ಸುಮೈತಾಂಗಿಯ ಪಾಠವೇ.

೬

ಒಣ ಕಾಲದ ಅಪಾಯವೆಂದರೆ ಬೆಂಕಿ. ಚೆನ್ನೈಯವರು ಇದನ್ನು ಮರೆಯುವಂತಿಲ್ಲ. ೨೦೧೮ನೆಯ ಮಾರ್ಚ್ ೧೧, ಭಾನುವಾರ, ತೇಣಿ ಜಿಲ್ಲೆಯ ಬೋಡಿನಾಯಕನೂರಿನ ಬಳಿಯ ಕುರಂಗಣಿ ಬೆಟ್ಟಗಳಲ್ಲಿ ಕೊಳುಕ್ಕುಮಲೆಯಿಂದ ಇಳಿಯುತ್ತಿದ್ದ ಚಾರಣಿಗರನ್ನು ಕಾಡುಬೆಂಕಿ ಸುತ್ತಿಕೊಂಡಿತು. ಚೆನ್ನೈಯಿಂದ ಹೋದವರದೊಂದು ತಂಡ, ಈರೋಡು ತಿರುಪ್ಪೂರುಗಳ ಕಡೆಯವರದು ಇನ್ನೊಂದು. ಚೆನ್ನೈಯ ತಂಡದಲ್ಲಿ ಹೆಂಗಸರೇ ಹೆಚ್ಚು. ಸ್ಥಳದಲ್ಲಿಯೂ ಮುಂದಿನ ದಿನಗಳಲ್ಲಿ ಆಸ್ಪತ್ರೆಗಳಲ್ಲಿಯೂ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಅವರಲ್ಲಿ ಬಹುಪಾಲು ತರುಣ ವಯಸ್ಸಿನವರು. ವಾರದ ರಜೆಯಲ್ಲಿ ಸಂತೋಷಕ್ಕಾಗಿ ಹೊರಟವರು.

ಸತ್ತವರನ್ನು ದೂಷಿಸುವುದು ಸಲ್ಲದು. ಆದರೆ ಬೆಟ್ಟದಲ್ಲಿ ಬೆಂಕಿ ಹೇಗೆ ನಡೆಯುತ್ತದೆಂಬುದನ್ನು ಬದುಕಿರುವವರು ತಿಳಿದುಕೊಳ್ಳಬೇಕು. ಮಳೆ ನಿಂತ ಬಳಿಕ ಆಳೆತ್ತರದ ಹುಲ್ಲು ಒಣಗುತ್ತ ಬಂದು, ಮಾಘ ಫಾಲ್ಗುಣಗಳ ಹೊತ್ತಿಗೆ ಕಿಡಿ ಸೋಕಿದರೆ ಸಾಕೆಂಬಂತಾಗುತ್ತದೆ. ಸಮನೆಲದಲ್ಲಿ ಉರಿಯ ಕಾವು ನೇರವಾಗಿ ಮೇಲಕ್ಕೆ ಹೋಗುತ್ತದೆ. ಇಳಿಜಾರಿನಲ್ಲಿಯಾದರೋ ಮೇಲಿರುವ ಹುಲ್ಲು ಉರಿಗೆ ಹತ್ತಿರವಾಗಿರುವುದರಿಂದ, ಬೆಂಕಿ ಮುಟ್ಟುವ ಮೊದಲೇ ಕಾದು ಒಣಗಿ ಸಿದ್ಧವಾಗಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆಂದು ಅಗ್ನಿಶಾಮಕರ ಲೆಕ್ಕ. ಹಗಲಿನಲ್ಲಿ ಬಿಸಿಲಿಗೆ ಕಾದ ಗಾಳಿ ಕಣಿವೆಯಿಂದ ಶಿಖರದ ಕಡೆಗೆ ಬೀಸಿ ಉರಿಯನ್ನು ಮೇಲಕ್ಕೆ ತಳ್ಳುತ್ತದೆ. ಮನುಷ್ಯನಾದರೋ ಏರಿದಂತೆಲ್ಲ ನಿಧಾನವಾಗುತ್ತಾನೆ. ಆದುದರಿಂದ ಕೆಳಗಿನಿಂದ ಬರುವ ಬೆಂಕಿಗೆ ಹೆದರಿ ಮೇಲಕ್ಕೆ ಓಡಿದವನನ್ನು ಅದು ಹಿಂದಿಕ್ಕುವುದು ಬಹುಮಟ್ಟಿಗೆ ಖಂಡಿತ. ಹುಲ್ಲಿಲ್ಲದ ಬಂಡೆ, ಹಳ್ಳದ ಪಾತ್ರ, ಈಗಾಗಲೇ ಉರಿದು ಕಪ್ಪಾದ ನೆಲ, ಹಸುರಾದ ಶೋಲಾ ಕಾಡು ಇವೇ ಆಶ್ರಯಗಳು. ಬೆಂಕಿಯ ಮುಂದೆ ಓಡುವುದಕ್ಕಿಂತ ಅದರ ಪಕ್ಕಕ್ಕೆ ಸರಿಯುವುದು ಮೇಲು. ಎಲ್ಲಕ್ಕಿಂತ ಮೇಲಾದುದು ಆ ಋತುವಿನಲ್ಲಿ ಹುಲ್ಲಿನ ಬೆಟ್ಟಕ್ಕೆ ಹೋಗದಿರುವುದೇ. ಮಲೆಯವರಿಗೆ ಹುಲ್ಲಿನ ಬಣ್ಣವನ್ನು ನೋಡಿದರೆ ಇದು ತಿಳಿಯುತ್ತದೆ, ಬಯಲಿನವರಿಗೆ ಹೇಳಿಕೊಡಬೇಕು.

ಕುರಂಗಣಿಯ ದುರಂತದ ಬಳಿಕ ತಮಿಳುನಾಡು ಸರ್ಕಾರ ಅದೇ ವರ್ಷ ಚಾರಣವನ್ನು ಕ್ರಮಪಡಿಸುವ ನಿಯಮಗಳನ್ನು ರಚಿಸಿತು. ೨೦೨೪ನೆಯ ಅಕ್ಟೋಬರಿನಲ್ಲಿ, ಕಾಡಿನ ಅಂಚಿನ ಜನರಿಗೇ ತರಬೇತಿಯಿತ್ತು ಮಾರ್ಗದರ್ಶಿಗಳನ್ನಾಗಿ ನೇಮಿಸಿ, ನಲವತ್ತು ಹಾದಿಗಳನ್ನು ಚಾರಣಿಗರಿಗೆ ತೆರೆಯುವ ಯೋಜನೆಯನ್ನು ಕೈಗೊಂಡಿತು. ಕರ್ನಾಟಕದಲ್ಲಿ ಕ್ರಮ ಬಂದುದು ಬೆಂಕಿಯಿಂದಲ್ಲ, ಜನಸಂದಣಿಯಿಂದ. ೨೦೨೪ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಂತೆಯಂತೆ ಜನ ನೆರೆದುದನ್ನು ಕಂಡ ಸರ್ಕಾರ ಕೆಲಕಾಲ ಚಾರಣವನ್ನೇ ನಿಲ್ಲಿಸಿ, ಮುಂಗಡ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿಯನ್ನೂ ಜಾರಿಗೆ ತಂದಿತು. ಇವುಗಳನ್ನು ಅಧಿಕಾರಿಗಳ ಕಿರುಕುಳವೆಂದು ಗೊಣಗುವವರುಂಟು. ಆದರೆ ವ್ಯಾಪಾರಿಗೆ ಮಳೆ, ಯಾತ್ರಿಕನಿಗೆ ವ್ರತ ವಿಧಿಸುತ್ತಿದ್ದ ಕಟ್ಟನ್ನೇ ಈಗ ಇಲಾಖೆ ವಿಧಿಸಬೇಕಾಗಿ ಬಂದಿದೆ. ಚಾರಣಿಗನು ತಾನಾಗಿ ಕಟ್ಟನ್ನು ಹಾಕಿಕೊಂಡಿದ್ದರೆ ಇದರ ಅವಶ್ಯಕತೆ ಇಷ್ಟು ಬೀಳುತ್ತಿರಲಿಲ್ಲ.

೭

ನಿಯಮಗಳಿಗಿಂತ ಹಳೆಯದಾದ ಇನ್ನೊಂದು ರಕ್ಷೆ ಬೆಟ್ಟದಲ್ಲಿದೆ. ಅದು ಅಲ್ಲಿಯ ಜನ. ಕುಕ್ಕೆಯ ಚಂಪಾಷಷ್ಠಿಯ ತೇರನ್ನು ಕಾಡಿನ ಬೆತ್ತದಿಂದ ಕಟ್ಟತಕ್ಕವರು ಮಲೆಕುಡಿಯರು. ಯಾವ ಕಣಿವೆಯಲ್ಲಿ ಬೆತ್ತ, ಎಲ್ಲಿ ಬತ್ತದ ನೀರು, ಯಾವ ಹೊತ್ತಿನಲ್ಲಿ ಆನೆಯ ಹಾದಿಗೆ ಅಡ್ಡ ಹೋಗಬಾರದು ಎಂಬುದೆಲ್ಲ ಅವರಿಗೆ ಬಳಕೆಯ ಜ್ಞಾನ. ಕುರಂಗಣಿಯಲ್ಲಿಯೂ ಬೆಂದವರ ರಕ್ಷಣೆಗೆ ಸುತ್ತಣ ಊರಿನವರು ಬೆಟ್ಟವೇರಿದ್ದರು.

ಶಿವರಾಮ ಕಾರಂತರ ‘ಬೆಟ್ಟದ ಜೀವ’ ೧೯೪೩ರಲ್ಲಿ ಪ್ರಕಟವಾದ ಕಾದಂಬರಿ. ಅದು ನಡೆಯುವುದು ಇದೇ ಕುಮಾರಪರ್ವತದ ತಪ್ಪಲಿನಲ್ಲಿ. ಸುಬ್ರಹ್ಮಣ್ಯದ ಕಡೆಯಿಂದ ಬರುತ್ತ ಕತ್ತಲೆಯ ಹೊತ್ತಿಗೆ ಕಾಡಿನಲ್ಲಿ ದಾರಿ ತಪ್ಪಿದ ಪಟ್ಟಣದವನೊಬ್ಬನನ್ನು ಇಬ್ಬರು ಸ್ಥಳೀಯರು ಕಂಡು ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಅವನು ಅಲ್ಲಿ ಅತಿಥಿಯಾಗುತ್ತಾನೆ. ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯನಿಗೂ ಅವನ ಹೆಂಡತಿ ಶಂಕರಮ್ಮನಿಗೂ ಇರುವ ಕೊರಗು ಒಂದೇ: ಮನೆ ಬಿಟ್ಟು ಹೋದ ಮಗ ಹಿಂದಿರುಗಿ ಬರಲಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆ ಅತಿಥಿ ನೀರು ದೀಪಗಳ ಲೆಕ್ಕವಿಲ್ಲದೆ ಹೊರಟ ಚಾರಣಿಗನೇ. ಅವನನ್ನು ಕಾಪಾಡಿದುದು ಅವನ ಸಾಹಸವಲ್ಲ, ಒಂದು ಮನೆಯ ದೀಪ.

ಊರು ಬಿಟ್ಟು ಬಂದ ಕನ್ನಡಿಗರಿಗೆ ಈ ಕಥೆ ಎರಡು ಕಡೆಯಿಂದಲೂ ತಾಗತಕ್ಕದ್ದು. ಮಲೆಯಿಂದಿಳಿದು ಚೆನ್ನೈ ಸೇರಿದ ಮನೆತನಗಳು ಆ ಹಿಂದಿರುಗದ ಮಗನ ಕಡೆಯವು. ಎರಡು ಮೂರು ತಲೆಮಾರುಗಳ ಬಳಿಕ ಬೆನ್ನುಚೀಲದೊಡನೆ ಅಲ್ಲಿಗೆ ಹೋಗುವ ಮೊಮ್ಮಕ್ಕಳು ದಾರಿ ತಿಳಿಯದ ಅತಿಥಿಗಳು. ಬೆಟ್ಟ ಹಿರಿಯರದೆಂಬ ಅಭಿಮಾನದಿಂದ ಬೆಟ್ಟದ ತಿಳಿವಳಿಕೆ ರಕ್ತದಲ್ಲಿ ಬರುವುದಿಲ್ಲ. ಹಳೆಯವರು ಕಲಿತಂತೆ, ಹೊರೆಯನ್ನು ತೂಗಿ, ನೀರನ್ನು ವಿಚಾರಿಸಿ, ಹುಲ್ಲನ್ನು ನೋಡಿ, ಅಲ್ಲಿಯವರ ಮಾತನ್ನು ಕೇಳಿ ಮತ್ತೆ ಕಲಿಯಬೇಕು. ಹೊರಡುವ ಮಕ್ಕಳನ್ನು ತಡೆಯುವುದು ಹಿರಿಯರ ಧರ್ಮವಲ್ಲ. ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂಬ ಪ್ರಶ್ನೆಯ ಬದಲು ಎಷ್ಟು ಹೊತ್ತಿಗೆ ಹಿಂದಿರುಗುತ್ತೀರಿ, ಯಾರನ್ನು ಕೇಳಿ ಹೋಗುತ್ತೀರಿ ಎಂಬ ಪ್ರಶ್ನೆಗಳನ್ನು ಹಾಕಿ, ಅದಕ್ಕೆ ಉತ್ತರ ಬಂದ ಬಳಿಕ ಬುತ್ತಿ ಕಟ್ಟಿಕೊಡುವುದು ಅವರ ಕರ್ತವ್ಯ.

ಬೆಸೆಂಟ್ ನಗರದ ಕಡಲ ದಂಡೆಯಲ್ಲಿ ಬಿಳಿಯ ಕಮಾನಿನ ಒಂದು ಸ್ಮಾರಕ ನಿಂತಿದೆ. ೧೯೩೦ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ನೀರಿಗಿಳಿದು ತಾನು ಮುಳುಗಿದ ಷ್ಮಿಟ್ ಎಂಬ ಡೇನಿಷ್ ನಾವಿಕನದು ಅದು. ಆ ದಂಡೆಯಲ್ಲಿ ಆಡುವ ಮಕ್ಕಳಿಗೆ ಅಲೆ ಎಲ್ಲಿಯವರೆಗೆ ಆಟ, ಎಲ್ಲಿಂದ ಮುಂದೆ ಮೃತ್ಯು ಎಂಬುದು ಚಿಕ್ಕಂದಿನಿಂದಲೇ ತಿಳಿದಿರುತ್ತದೆ. ಬೆಟ್ಟಕ್ಕೂ ಅಂಥದೇ ಒಂದು ಗೆರೆಯುಂಟು. ನೀರಿನಂತೆ ಅದು ಕಣ್ಣಿಗೆ ಕಾಣುವುದಿಲ್ಲ. ಗಡಿಯಾರದಲ್ಲಿ, ಹುಲ್ಲಿನ ಬಣ್ಣದಲ್ಲಿ, ಸೀಸೆಯ ತಳದ ನೀರಿನಲ್ಲಿ ಅದನ್ನು ನೋಡಿ ತಿಳಿಯಬೇಕು. ಅದನ್ನು ಕಂಡು ಹಿಂದಿರುಗಿದವನಿಗೆ ಕುಮಾರಪರ್ವತ ಮರುವರ್ಷವೂ ಅಲ್ಲಿಯೇ ಇರುತ್ತದೆ.